ಕೇಳದೆ ಕೊಂಡುಹೋದ ನೀರು

ಬೆಳಿಗ್ಗೆ ಏಳರ ಸುಮಾರಿಗೆ ಕೋಣೆಯ ಪರದೆ ಸರಿಸಿ ನೋಡಿದಾಗ ಕಿಟಕಿಯ ಕೆಳಗಿನ ಹೊಳೆಯಲ್ಲಿ ನೀರಿಗಿಂತ ಕಲ್ಲುಗಳೇ ಹೆಚ್ಚಾಗಿ ಕಾಣುತ್ತಿದ್ದವು. ಉಪಾಹಾರ ಮುಗಿಸಿ ಹತ್ತರ ಹೊತ್ತಿಗೆ ಮತ್ತೆ ನೋಡಿದರೆ ಆ ಕಲ್ಲುಗಳೆಲ್ಲ ಮರೆಯಾಗಿ, ಹೊಳೆ ದಂಡೆಯಿಂದ ದಂಡೆಗೆ ತುಂಬಿಕೊಂಡು ನೊರೆಯೆಬ್ಬಿಸುತ್ತ ಓಡುತ್ತಿತ್ತು. ರಾತ್ರಿಯಿಡೀ ಒಂದು ಹನಿ ಮಳೆ ಬಿದ್ದಿರಲಿಲ್ಲ. ಬೆಟ್ಟಗಳ ಮೇಲೆ ಮೋಡವೂ ಇರಲಿಲ್ಲ. ಮೇಜನ್ನು ಒರೆಸುತ್ತಿದ್ದ ಮನೆಯೊಡತಿಯನ್ನು ವಿಚಾರಿಸಿದೆ. ‘ಇವತ್ತು ಮೇಲಿನಿಂದ ನೀರು ಬಿಟ್ಟಿದ್ದಾರೆ’ ಎಂದರು ಅವರು, ಮಳೆ ಬಿಸಿಲಿನ ಮಾತಾಡುವಷ್ಟೇ ಸಹಜವಾಗಿ.

ಸರ್ಕಾರಿ ಸೇವೆಯ ಬಹುಭಾಗವನ್ನು ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಕಳೆದ ನನಗೆ ಇದಕ್ಕಿಂತ ಪರಿಚಿತವಾದ ವಾಕ್ಯ ಇನ್ನೊಂದಿಲ್ಲ. ನೀರು ಬಿಟ್ಟರೇ, ಎಷ್ಟು ಬಿಟ್ಟರು, ಯಾರ ಕಾಲುವೆಗೆ ಬಿಟ್ಟರು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವುದರಲ್ಲಿಯೇ ಎಷ್ಟೋ ಬೇಸಿಗೆಗಳು ಕಳೆದುಹೋಗಿವೆ. ಆದರೆ ನಿವೃತ್ತಿಯ ನಂತರ, ವೇಲ್ಸ್ ದೇಶದ ಬೆಟ್ಟಗಳ ನಡುವಿನ ಒಂದು ಪುಟ್ಟ ಪೇಟೆಯಲ್ಲಿ, ಹೊಳೆದಂಡೆಯ ಅತಿಥಿಗೃಹವೊಂದರಲ್ಲಿ ಆ ವಾಕ್ಯ ನನ್ನನ್ನು ಹುಡುಕಿಕೊಂಡು ಬರುತ್ತದೆಂದು ಎಣಿಸಿರಲಿಲ್ಲ.

2024ರ ಸೆಪ್ಟೆಂಬರ್ ತಿಂಗಳು. ಲಿವರ್‌ಪೂಲಿನಲ್ಲಿ ವೈದ್ಯೆಯಾಗಿರುವ ಮಗಳ ಮನೆಗೆ ನಾನೂ ನನ್ನ ಪತ್ನಿಯೂ ಹೋಗಿದ್ದೆವು. ನಗರದ ಗದ್ದಲದಿಂದ ನಾಲ್ಕು ದಿನ ದೂರವಿರಲಿ ಎಂದು ಮಗಳೇ ಬಾಲಾ ಎಂಬ ಊರಿನಲ್ಲಿ ನಮಗಾಗಿ ಕೋಣೆ ಕಾಯ್ದಿರಿಸಿದಳು. ಕಾರಿನಲ್ಲಿ ಎರಡು ಗಂಟೆಯ ಹಾದಿ. ಹೆಸರು ಕೇಳಿದೊಡನೆ ನಮ್ಮ ಕಡೆಯ ಯಾವುದೋ ಊರೆನಿಸುತ್ತದೆ. ವೆಲ್ಷ್ ಭಾಷೆಯಲ್ಲಿ ಆ ಪದಕ್ಕೆ ಸರೋವರದಿಂದ ನದಿ ಹೊರಬೀಳುವ ಜಾಗ ಎಂದರ್ಥವಂತೆ. ಹೆಸರಿಗೆ ತಕ್ಕಂತೆ ಊರಿನ ಒಂದು ಬದಿಗೆ ವೇಲ್ಸಿನ ಅತಿ ದೊಡ್ಡ ನೈಸರ್ಗಿಕ ಸರೋವರವಾದ ತೆಗಿದ್ ಇದೆ. ಅದರಿಂದ ಡೀ ನದಿ ಹೊರಡುತ್ತದೆ. ಇನ್ನೊಂದು ಬದಿಗೆ ಬೆಟ್ಟಗಳಿಂದ ಇಳಿದು ಬರುವ ಟ್ರವೆರಿನ್ ಎಂಬ ಹೊಳೆ ಊರನ್ನು ಸವರಿಕೊಂಡು ಹೋಗಿ ಡೀ ನದಿಯನ್ನು ಕೂಡುತ್ತದೆ. ನಮ್ಮ ಕಿಟಕಿಯ ಕೆಳಗಿದ್ದುದು ಟ್ರವೆರಿನ್.

ಅತಿಥಿಗೃಹವೆಂದರೆ ನನ್ನಂಥವರ ಕಣ್ಣಮುಂದೆ ಬರುವುದು ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರ: ಎತ್ತರದ ಛಾವಣಿ, ಹಜಾರದಲ್ಲಿ ಬೆತ್ತದ ಕುರ್ಚಿಗಳು, ‘ಸಾಹೇಬರಿಗೆ ಊಟಕ್ಕೆ ಏನು ಮಾಡಲಿ’ ಎಂದು ಬಾಗಿಲ ಬಳಿ ನಿಂತ ಮೇಟಿ. ಇಲ್ಲಿ ಹಾಗೇನೂ ಇಲ್ಲ. ಕಪ್ಪು ಬಳಪದ ಕಲ್ಲಿನ ಮಾಡು ಹೊದೆಸಿದ ದಪ್ಪ ಗೋಡೆಯ ಮನೆ. ಕೆಳಗೆ ಗಂಡಹೆಂಡಿರ ವಾಸ, ಮೇಲೆ ಅತಿಥಿಗಳಿಗೆ ಮೂರು ಕೋಣೆ. ಅಡುಗೆ, ಹಾಸಿಗೆ, ಲೆಕ್ಕಪತ್ರ ಎಲ್ಲವೂ ಎಪ್ಪತ್ತಕ್ಕೆ ಒಂದು ವರ್ಷ ಕಡಿಮೆಯಿದ್ದ ಆ ಮನೆಯೊಡತಿಯದೇ. ನಾವು ಸಸ್ಯಾಹಾರಿಗಳೆಂದು ತಿಳಿದು ಅಣಬೆ, ಟೊಮೆಟೊಗಳನ್ನು ಬೇರೆ ಬಾಣಲೆಯಲ್ಲಿ ಹುರಿದುಕೊಟ್ಟರು. ಸಂಜೆ ಚಹಾದೊಂದಿಗೆ ‘ಬರಾ ಬ್ರಿತ್’ ಎಂಬ, ಒಣದ್ರಾಕ್ಷಿ ಸೇರಿಸಿ ಮಾಡಿದ ರೊಟ್ಟಿಯ ಚೂರು. ಹೆಸರಿನ ಅರ್ಥ ಚುಕ್ಕೆರೊಟ್ಟಿ ಎಂದಾಗ ನನ್ನ ಪತ್ನಿಗೆ ಬಹಳ ಹಿಡಿಸಿತು.

ಆಕೆಗೆ ಇನ್ನೊಂದು ಸಂಗತಿಯೂ ಮೊದಲ ದಿನವೇ ಕಿವಿಗೆ ಬಿದ್ದಿತ್ತು. ‘ಇವರು ನಮ್ಮೊಡನೆ ಮಾತ್ರ ಇಂಗ್ಲಿಷ್ ಆಡುತ್ತಾರೆ. ಗಂಡನೊಂದಿಗೆ, ಹಾಲಿನವನೊಂದಿಗೆ, ನಾಯಿಯೊಂದಿಗೆ ಬೇರೆಯೇ ಭಾಷೆ’ ಎಂದಳು. ಮಾರನೆಯ ದಿನ ಪೇಟೆಬೀದಿಯಲ್ಲಿ ನಡೆದಾಗ ಅದು ಬರಿಯ ಮನೆಮಾತಲ್ಲವೆಂಬುದು ಮನದಟ್ಟಾಯಿತು. ಔಷಧಿ ಅಂಗಡಿಯಲ್ಲಿ, ಅಂಚೆ ಕಚೇರಿಯ ಸಾಲಿನಲ್ಲಿ, ಸುತ್ತಲ ಹಳ್ಳಿಗಳಿಂದ ಕೆಲಸಕ್ಕೆಂದು ಬಂದ ಕುರಿಸಾಕಣೆಯ ರೈತರಲ್ಲಿ, ಶಾಲೆ ಬಿಟ್ಟ ಮಕ್ಕಳಲ್ಲಿ ಕೇಳಿಬಂದುದು ವೆಲ್ಷ್. 2021ರ ಜನಗಣತಿಯ ಪ್ರಕಾರ ಇಡೀ ವೇಲ್ಸಿನಲ್ಲಿ ಆ ಭಾಷೆ ಬಲ್ಲವರು ಶೇ 17.8ರಷ್ಟು, ಅಂದರೆ ಸುಮಾರು 5.38 ಲಕ್ಷ ಮಂದಿ. ಆದರೆ ಬಾಲಾದಲ್ಲಿ ಸುಮಾರು ಮುಕ್ಕಾಲು ಪಾಲು ಜನ ಅದನ್ನು ಬಲ್ಲರು. ಲೋಕದ ಅತಿ ಬಲಿಷ್ಠ ಭಾಷೆಯ ಮಗ್ಗುಲಲ್ಲಿಯೇ ಇದು ಉಳಿದುಕೊಂಡಿದೆ ಎಂಬುದು ಕನ್ನಡಿಗನಾದವನು ನಿಂತು ಯೋಚಿಸಬೇಕಾದ ವಿಷಯ.

ಆ ಭಾಷೆಯಲ್ಲಿ ನನಗೆ ಒಂದು ಹಳೆಯ ನೆಂಟನೂ ಸಿಕ್ಕಿದ. ವೇಲ್ಸಿಗೆ ಅವರದೇ ಭಾಷೆಯಲ್ಲಿ ‘ಕಮ್ರಿ’ ಎಂದು ಹೆಸರು. ಆದರೆ ಗಡಿಯಲ್ಲಿ ಸ್ವಾಗತ ಕೋರುವ ಫಲಕದಲ್ಲಿ ‘ಕ್ರೋಯ್ಸೊ ಇ ಗಮ್ರಿ’ ಎಂದಿರುತ್ತದೆ. ‘ಕ’ ಹೇಗೆ ‘ಗ’ ಆಯಿತು ಎಂದು ಕೇಳಿದೆ. ಕೆಲವು ಪದಗಳ ಮುಂದೆ ಬಂದಾಗ ಕ, ತ, ಪಗಳು ಗ, ದ, ಬಗಳಾಗುತ್ತವೆ ಎಂದು ಮನೆಯೊಡತಿ ವಿವರಿಸಿದರು. ನಾನು ನಕ್ಕುಬಿಟ್ಟೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ ಎಂದು ಪ್ರೌಢಶಾಲೆಯ ಪಂಡಿತರು ಬೆತ್ತ ಹಿಡಿದು ಕಲಿಸಿದ ಆದೇಶಸಂಧಿ ಇದೇ ಅಲ್ಲವೇ? ಎರಡು ಭಾಷೆಗಳಿಗೆ ಯಾವ ರಕ್ತಸಂಬಂಧವೂ ಇಲ್ಲ. ಮನುಷ್ಯನ ನಾಲಿಗೆ ಎಲ್ಲಿಯೂ ಒಂದೇ ಎಂಬುದಷ್ಟೇ ಇದರ ಅರ್ಥ. ಆದರೂ ಆ ಕ್ಷಣದಿಂದ ಊರು ನನಗೆ ಪರಕೀಯವೆನಿಸಲಿಲ್ಲ.

ಇಂಥ ಸಣ್ಣ ಪೇಟೆ ಒಂದು ಭಾಷೆಯನ್ನು ಹೇಗೆ ಕಾಪಾಡಿತು? ಉತ್ತರ ಚರಿತ್ರೆಯಲ್ಲಿದೆ. 18ನೇ ಶತಮಾನದಲ್ಲಿ ಬಾಲಾ ಉಣ್ಣೆಯ ಕಾಲುಚೀಲಗಳಿಗೆ ಹೆಸರಾಗಿತ್ತು. ಗಂಡಸರು ಹೆಂಗಸರೆನ್ನದೆ ಎಲ್ಲರೂ ಹೆಣೆಯುತ್ತಿದ್ದರು. ಆ ಶತಮಾನದ ಕೊನೆಗೆ ಇಲ್ಲಿ ನೆಲೆಸಿದ ಥಾಮಸ್ ಚಾರ್ಲ್ಸ್ ಎಂಬ ಧರ್ಮೋಪದೇಶಕರು ಭಾನುವಾರದ ಶಾಲೆಗಳನ್ನು ನಡೆಸಿ ಕೂಲಿಕಾರರಿಗೆ, ಮುದುಕರಿಗೆ ಅವರ ಮಾತಿನಲ್ಲಿಯೇ ಅಕ್ಷರ ಕಲಿಸಿದರು. 1800ರಲ್ಲಿ ಮೇರಿ ಜೋನ್ಸ್ ಎಂಬ ಹಳ್ಳಿಯ ಹುಡುಗಿ ಕೂಡಿಟ್ಟ ಹಣ ಹಿಡಿದು ಸುಮಾರು 25 ಮೈಲಿ ನಡೆದು ಇವರಲ್ಲಿಗೆ ವೆಲ್ಷ್ ಬೈಬಲ್ ಕೊಳ್ಳಲು ಬಂದ ಕಥೆ ಇಂದಿಗೂ ಮನೆಮಾತು. ಮುಂದೆ ಭಾಷೆಗೆ ಕುತ್ತು ಬಂದಿತೆನಿಸಿದಾಗ, ಬಾಲಾದ ಕಾಲೇಜೊಂದರ ಪ್ರಾಂಶುಪಾಲರಾಗಿದ್ದ ಮೈಕೆಲ್ ಡಿ. ಜೋನ್ಸ್ ಅವರ ಪ್ರೇರಣೆಯಿಂದ ಸುಮಾರು 150 ಮಂದಿ ದಕ್ಷಿಣ ಅಮೆರಿಕದ ಪೆಟಗೋನಿಯಾಕ್ಕೆ ವಲಸೆ ಹೋದರು. ತಮ್ಮ ಮಾತನ್ನು ಉಳಿಸಿಕೊಳ್ಳಲೆಂದೇ ಹೊರಟ ಆ ಜನರ ಹಡಗು ಬಿಟ್ಟದ್ದು 1865ರಲ್ಲಿ, ಲಿವರ್‌ಪೂಲ್ ಬಂದರಿನಿಂದ. ಸರಿಯಾಗಿ ನೂರು ವರ್ಷಗಳ ನಂತರ ಲಿವರ್‌ಪೂಲ್ ಇನ್ನೊಂದು ರೀತಿಯಲ್ಲಿ ಈ ಊರಿನ ಚರಿತ್ರೆಯನ್ನು ಪ್ರವೇಶಿಸಿತು.

ಆ ಕಥೆಯನ್ನು ಹೇಳಿದ್ದು ಮನೆಯೊಡತಿ. ಎರಡನೆಯ ಸಂಜೆ, ಬೆಳಗಿನ ನೀರಿನ ಪ್ರಶ್ನೆಯನ್ನು ನಾನು ಮತ್ತೆ ಎತ್ತಿದಾಗ ಅವರು ಹಿತ್ತಲ ಬಾಗಿಲು ತೆರೆದು ಹೊಳೆಯ ಮೇಲ್ಬದಿಗೆ ಕೈ ತೋರಿಸಿದರು. ನಾಲ್ಕು ಮೈಲಿ ಮೇಲೆ ಅಣೆಕಟ್ಟೆಯಿದೆ. ಅಲ್ಲಿಂದ ನೀರು ಬಿಟ್ಟ ದಿನಗಳಲ್ಲಿ ರಬ್ಬರ್ ದೋಣಿಯ ಸಾಹಸಿಗರು ಎಲ್ಲೆಡೆಯಿಂದ ಬರುತ್ತಾರೆ. ತಮ್ಮ ಕೋಣೆಗಳು ತುಂಬುವುದೂ ಅವರಿಂದಲೇ. ಇಷ್ಟು ಹೇಳಿ ಸ್ವಲ್ಪ ತಡೆದು, ‘ಅದರ ಕೆಳಗೆ ಒಂದು ಊರಿತ್ತು. ಕಪೆಲ್ ಕೆಲಿನ್. ಅಪ್ಪನ ಕಡೆಯ ನೆಂಟರ ಹೊಲಮನೆ ಅಲ್ಲಿಯೇ ಇತ್ತು’ ಎಂದರು. 1963ರ ಸೆಪ್ಟೆಂಬರ್ 28ರಂದು ಆ ಊರಿನ ಪ್ರಾರ್ಥನಾಮಂದಿರದಲ್ಲಿ ಕೊನೆಯ ಆರಾಧನೆ ನಡೆದಾಗ ಅವರಿಗೆ ಎಂಟು ವರ್ಷ. ಒಳಗೆ ಜಾಗವಿಲ್ಲದೆ ಹೊರಗೆ ಹುಲ್ಲಿನ ಮೇಲೆ ಅಪ್ಪನ ಕೈ ಹಿಡಿದು ನಿಂತದ್ದು, ಒಳಗಿನ ಹಾಡು ಕಿಟಕಿಯಿಂದ ಕೇಳಿಸಿದ್ದು, ಅಪ್ಪ ಹಾಡದೆ ಸುಮ್ಮನಿದ್ದದ್ದು ಅವರಿಗೆ ನೆನಪಿದೆ.

ನಡೆದುದಿಷ್ಟು. ಲಿವರ್‌ಪೂಲ್ ನಗರಾಡಳಿತ ತನ್ನ ನೀರಿಗಾಗಿ ವೇಲ್ಸಿನತ್ತ ಕಣ್ಣು ಹಾಯಿಸಿದ್ದು ಹೊಸದೇನಲ್ಲ. 1880ರ ದಶಕದಲ್ಲಿಯೇ ಲ್ಯಾನ್‌ವುದಿನ್ ಎಂಬ ಹಳ್ಳಿಯನ್ನು ಮುಳುಗಿಸಿ ವಿರ್ನ್‌ವಿ ಜಲಾಶಯವನ್ನು ಕಟ್ಟಿತ್ತು. 1950ರ ದಶಕದಲ್ಲಿ ಅದು ಆರಿಸಿದ್ದು ಟ್ರವೆರಿನ್ ಕಣಿವೆಯನ್ನು. ಸ್ಥಳೀಯ ಸಂಸ್ಥೆಗಳ ಒಪ್ಪಿಗೆ ಬೇಡವಾಗುವಂತೆ, ಲಂಡನ್ನಿನ ಸಂಸತ್ತಿನಲ್ಲಿ ನೇರವಾಗಿ ಖಾಸಗಿ ಮಸೂದೆಯೊಂದನ್ನು ಮಂಡಿಸಿತು. 1956ರ ನವೆಂಬರ್‌ನಲ್ಲಿ ಕಪೆಲ್ ಕೆಲಿನ್ ಜನರು ಮಕ್ಕಳುಮರಿಗಳೊಂದಿಗೆ ಲಿವರ್‌ಪೂಲಿನ ಬೀದಿಗಳಲ್ಲಿ ಫಲಕ ಹಿಡಿದು ನಡೆದರು. 1957ರಲ್ಲಿ ಮಸೂದೆ ಕಾಯ್ದೆಯಾಯಿತು. ಆಗ ವೇಲ್ಸಿನಿಂದ ಸಂಸತ್ತಿಗೆ 36 ಸದಸ್ಯರಿದ್ದರು. ಅವರಲ್ಲಿ 35 ಮಂದಿ ವಿರೋಧಿಸಿದರು. ಉಳಿದೊಬ್ಬರು ಮತ ಚಲಾಯಿಸಲಿಲ್ಲ. ಒಂದು ನಾಡಿನ ಪ್ರತಿನಿಧಿಗಳಲ್ಲಿ ಒಬ್ಬರೂ ಪರವಾಗಿ ಕೈ ಎತ್ತದ ಮಸೂದೆ, ಆ ನಾಡಿನ ನೆಲಕ್ಕೆ ಸಂಬಂಧಿಸಿದ್ದು, ಕಾಯ್ದೆಯಾಗಿ ಜಾರಿಗೆ ಬಂತು. ಕಾನೂನಿನ ದೃಷ್ಟಿಯಿಂದ ಅದರಲ್ಲಿ ಲೋಪವಿರಲಿಲ್ಲ. ಬಹುಮತವಿತ್ತು.

ಅಂಕಿಅಂಶಗಳನ್ನು ನೋಡಿದರೆ ಇದು ಸಣ್ಣ ಯೋಜನೆ. ಮುಳುಗಿದ್ದು ಸುಮಾರು 800 ಎಕರೆ. ಕಣಿವೆಯ 67 ನಿವಾಸಿಗಳಲ್ಲಿ ಮನೆ ಕಳೆದುಕೊಂಡವರು 48 ಮಂದಿ. ಜೊತೆಗೆ ಒಂದು ಶಾಲೆ, ಒಂದು ಅಂಚೆ ಕಚೇರಿ, ಒಂದು ಪ್ರಾರ್ಥನಾಮಂದಿರ, ಒಂದು ಸ್ಮಶಾನ, ಹನ್ನೆರಡು ಹೊಲಮನೆಗಳು. ಜಲಾಶಯದ ಸಾಮರ್ಥ್ಯ 3 ಟಿಎಂಸಿ ಅಡಿಗಿಂತ ಕಡಿಮೆ. ನಮ್ಮ ಕೃಷ್ಣರಾಜಸಾಗರದ 49 ಟಿಎಂಸಿ ಅಡಿಯೊಂದಿಗೆ ಹೋಲಿಸಿದರೆ ಇದನ್ನು ದೊಡ್ಡ ಕೆರೆ ಎನ್ನಬಹುದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ನಾವು ಕಲಿತ ಲಾಭವೆಚ್ಚ ವಿಶ್ಲೇಷಣೆಯ ತಕ್ಕಡಿಯಲ್ಲಿ ಇಟ್ಟರೆ, ಒಂದು ಮಹಾನಗರದ ಬಾಯಾರಿಕೆಯ ಎದುರು 48 ಮಂದಿಯ ಮನೆಗಳು ಯಾವ ಲೆಕ್ಕಕ್ಕೂ ಬರುವುದಿಲ್ಲ. ಆದರೆ ಆ ತಕ್ಕಡಿಗೆ ಕಾಣದ ಒಂದು ಸಂಗತಿಯಿತ್ತು. ಕಪೆಲ್ ಕೆಲಿನ್ ಸಂಪೂರ್ಣವಾಗಿ ವೆಲ್ಷ್ ಆಡುವ ಊರಾಗಿತ್ತು. ಶಾಲೆ, ಪ್ರಾರ್ಥನೆ, ವ್ಯಾಪಾರ, ಜಗಳ ಎಲ್ಲವೂ ಒಂದೇ ಭಾಷೆಯಲ್ಲಿ ನಡೆಯುವ ಅಂಥ ಊರುಗಳು ಬೆರಳೆಣಿಕೆಯಷ್ಟಾಗುತ್ತಿದ್ದ ಕಾಲ ಅದು. ಮನೆಗೆ ಬದಲು ಮನೆ ಕೊಡಬಹುದು. ಚದುರಿಹೋದ ನೆರೆಹೊರೆಯನ್ನು ಯಾವ ಗುತ್ತಿಗೆದಾರನೂ ಮರಳಿ ಕಟ್ಟಲಾರ.

ಮೂರನೆಯ ದಿನ ನಾವು ಆ ಜಲಾಶಯವನ್ನು ನೋಡಲು ಹೋದೆವು. ಹುಲ್ಲು ಬೆಳೆದ ಮಣ್ಣಿನ ಏರಿ, ಅದರಾಚೆ ಬೆಟ್ಟಗಳ ಮಡಿಲಲ್ಲಿ ನಿಶ್ಚಲವಾದ ಕೆಲಿನ್ ಸರೋವರ. ಗೊತ್ತಿಲ್ಲದವರಿಗೆ ಅದು ಸೃಷ್ಟಿಯ ಆದಿಯಿಂದಲೂ ಅಲ್ಲಿಯೇ ಇದ್ದಂತೆ ತೋರುತ್ತದೆ. ದಂಡೆಯಲ್ಲಿ ಹಳೆಯ ಮಂದಿರದ ಕಲ್ಲುಗಳನ್ನು ಬಳಸಿ ಕಟ್ಟಿದ ಸ್ಮಾರಕ ಮಂದಿರವಿದೆ. ಸ್ಮಶಾನವನ್ನು ಮುಚ್ಚುವ ಮುನ್ನ, ತಮ್ಮವರ ಅವಶೇಷಗಳನ್ನು ಬೇರೆಡೆಗೆ ಸಾಗಿಸಬೇಕೆ ಎಂದು ಕುಟುಂಬಗಳನ್ನು ಕೇಳಲಾಗಿತ್ತು. ಎಂಟು ದೇಹಗಳನ್ನು ತೆಗೆಯಲಾಯಿತು. ಉಳಿದವರು ನೀರಿನಡಿಯಲ್ಲಿಯೇ ಇದ್ದಾರೆ. ಸತ್ತವರ ಬಗ್ಗೆ ಅಭಿಪ್ರಾಯ ಕೇಳಿದ ವ್ಯವಸ್ಥೆ ಬದುಕಿದ್ದವರ ಬಗ್ಗೆ ಕೇಳಿರಲಿಲ್ಲ ಎಂಬುದನ್ನು ಅಲ್ಲಿ ನಿಂತು ನೆನೆಯದಿರಲು ಸಾಧ್ಯವಾಗಲಿಲ್ಲ.

ಇಲ್ಲಿ ನನ್ನದೇ ಒಂದು ವಿಷಯವನ್ನು ಹೇಳಬೇಕು. 1990ರ ದಶಕದಲ್ಲಿ ಕೆಲಕಾಲ ನಾನು ಕೃಷ್ಣೆಯ ದಂಡೆಯ ಜಿಲ್ಲೆಯೊಂದರಲ್ಲಿ ಭೂಸ್ವಾಧೀನಾಧಿಕಾರಿಯಾಗಿದ್ದೆ. ನನ್ನ ಪಾಲಿಗೆ ಬಂದಿದ್ದುದು ಮುಳುಗಡೆಯ ಹನ್ನೊಂದು ಹಳ್ಳಿಗಳು. ಆಗ ಜಾರಿಯಲ್ಲಿದ್ದ 1894ರ ಕಾಯ್ದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆಯ ನಂತರ ಆಕ್ಷೇಪಣೆಗಳನ್ನು ವಿಚಾರಣೆ ಮಾಡಬೇಕು. ಮಾಡಿದೆವು. ಚಾವಡಿಯ ಮುಂದೆ ಶಾಮಿಯಾನ ಹಾಕಿ, ಒಬ್ಬೊಬ್ಬರನ್ನೇ ಕರೆದು, ಹೇಳಿದ್ದನ್ನು ಗುಮಾಸ್ತ ಬರೆದುಕೊಂಡ. ಸಂಜೆ ಎಲ್ಲಕ್ಕೂ ಸೇರಿಸಿ ಒಂದೇ ವಾಕ್ಯ: ‘ಆಕ್ಷೇಪಣೆಗಳನ್ನು ಪರಿಶೀಲಿಸಿ, ಸಾರ್ವಜನಿಕ ಉದ್ದೇಶದ ಹಿತದೃಷ್ಟಿಯಿಂದ ತಿರಸ್ಕರಿಸಲಾಗಿದೆ.’ ಆ ವಾಕ್ಯವನ್ನು ನಾನು ಮೊದಲೇ ಬೆರಳಚ್ಚು ಮಾಡಿಸಿ ಇಟ್ಟುಕೊಂಡಿದ್ದೆ.

ಐತೀರ್ಪಿನ ತಿಳಿವಳಿಕೆ ಪತ್ರ ಹಂಚಿದ ದಿನ ಒಬ್ಬ ಮುದುಕ ಮೇಜಿನ ಬಳಿ ಬಂದ. ಜಮೀನಿಗೆ ಇಷ್ಟು, ಮನೆಗೆ ಇಷ್ಟು, ಬಾವಿಗೆ, ಬೇವಿನ ಮರಕ್ಕೆ, ಬಣವೆಯ ಜಾಗಕ್ಕೆ ಇಷ್ಟೆಂದು ಓದಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ‘ಸಾಹೇಬ್ರ, ಅಗಸಿಗೆ ಎಷ್ಟ ಹಾಕೀರಿ?’ ಎಂದ. ಊರಬಾಗಿಲಿಗೆ ಆ ಸೀಮೆಯಲ್ಲಿ ಅಗಸಿ ಎನ್ನುತ್ತಾರೆ. ಅದು ಯಾರ ಖಾತೆಯಲ್ಲಿಯೂ ಇಲ್ಲ, ಅದಕ್ಕೆ ಪರಿಹಾರ ಬರುವುದಿಲ್ಲ ಎಂದೆ. ಗುಮಾಸ್ತ ನಕ್ಕ. ನಾನೂ ನಕ್ಕಿರಬೇಕು. ಮುದುಕ ನಗಲಿಲ್ಲ, ಹೆಬ್ಬೆಟ್ಟು ಒತ್ತಿ ಹೋದ. ಅವನು ಹಣ ಕೇಳುತ್ತಿರಲಿಲ್ಲ. ನೀವು ಮುಳುಗಿಸುತ್ತಿರುವುದು ಏನನ್ನು ಎಂಬುದು ನಿಮಗೆ ಗೊತ್ತಿದೆಯೇ ಎಂದು ಕೇಳುತ್ತಿದ್ದ. ಇದು ನನಗೆ ತಿಳಿಯಲು ಮೂವತ್ತು ವರ್ಷ ಹಿಡಿಯಿತು.

ಕನ್ನಡದ ‘ಕೇಳು’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥ. ಪ್ರಶ್ನಿಸುವುದೂ ಕೇಳುವುದೇ, ಆಲಿಸುವುದೂ ಕೇಳುವುದೇ. ನಮ್ಮ ಆಡಳಿತ ಇವೆರಡನ್ನೂ ಬೇರ್ಪಡಿಸಿತು. ನಿಗದಿತ ನಮೂನೆಯಲ್ಲಿ ಪ್ರಶ್ನಿಸುತ್ತೇವೆ, ಉತ್ತರವನ್ನು ಆಲಿಸುವುದಿಲ್ಲ. ಬ್ರಿಟಿಷ್ ಸಂಸತ್ತು 35 ಸದಸ್ಯರ ಮಾತನ್ನು ಕಡತಕ್ಕೆ ಸೇರಿಸಿತು. ನಾನು ಹನ್ನೊಂದು ಹಳ್ಳಿಗಳ ಮಾತನ್ನು ಸೇರಿಸಿದೆ. ಪ್ರಮಾಣ ಬೇರೆ, ವಿಧಾನ ಒಂದೇ.

ಅಣೆಕಟ್ಟೆಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಬರದ ವರ್ಷಗಳಲ್ಲಿ ಒಂದು ಕೊಡ ನೀರಿಗಾಗಿ ಹೆಣ್ಣುಮಕ್ಕಳು ಮೈಲಿಗಟ್ಟಲೆ ನಡೆದದ್ದನ್ನು ಕಂಡವನು ಹಾಗೆ ಹೇಳಲಾರ. ಕಾಲುವೆಯ ನೀರು ಮೊದಲ ಬಾರಿ ಹೊಲಕ್ಕೆ ಹರಿದ ದಿನ ರೈತರು ಅದಕ್ಕೆ ಅರಿಸಿನ ಕುಂಕುಮ ಹಾಕಿ ಪೂಜಿಸಿದ್ದನ್ನೂ ನೋಡಿದ್ದೇನೆ. ಲಿವರ್‌ಪೂಲಿನ ಬಾಯಾರಿಕೆಯೂ ಸುಳ್ಳಲ್ಲ. ಕೆಲಿನ್ ಸರೋವರದ ನೀರನ್ನು ನೇರವಾಗಿ ಕೊಳವೆಯಲ್ಲಿ ಒಯ್ಯುವುದಿಲ್ಲ; ಹೊಳೆಗೆ ಬಿಡುತ್ತಾರೆ, ಅದು ಡೀ ನದಿಯನ್ನು ಸೇರಿ ಬೇಸಿಗೆಯಲ್ಲಿಯೂ ಹರಿವನ್ನು ಕಾಯ್ದುಕೊಳ್ಳುತ್ತದೆ, ಕೆಳಗೆ ಚೆಸ್ಟರ್ ಬಳಿ ಅದನ್ನು ಎತ್ತಿ ಶುದ್ಧೀಕರಿಸುತ್ತಾರೆ. ಲಿವರ್‌ಪೂಲ್ ಪ್ರದೇಶದ ನೀರಿನ ಒಂದು ಪಾಲು ಬರುವುದು ಡೀ ನದಿಯಿಂದಲೇ. ನನ್ನ ಕಿಟಕಿಯ ಕೆಳಗೆ ಹರಿದ ನೀರು ಮೊಮ್ಮಗನ ಲೋಟವನ್ನು ತಲುಪುವ ನೀರೂ ಆಗಿರಬಹುದು. ಕುಡಿಯುವವರು ತಪ್ಪಿತಸ್ಥರಲ್ಲ. ಆದರೆ ಎಲ್ಲಿಂದ ಬಂತು, ಯಾರನ್ನು ಎಬ್ಬಿಸಿ ಬಂತು ಎಂಬುದನ್ನು ತಿಳಿದು ಕುಡಿಯುವುದು ಕನಿಷ್ಠ ಸೌಜನ್ಯ.

ವೇಲ್ಸ್ ಮಾತ್ರ ಮರೆಯಲಿಲ್ಲ. 1965ರ ಅಕ್ಟೋಬರ್ 21ರಂದು ಉದ್ಘಾಟನೆಗೆ ಬಂದ ಗಣ್ಯರನ್ನು ಪ್ರತಿಭಟನಕಾರರು ಸುತ್ತುವರಿದರು; ಧ್ವನಿವರ್ಧಕದ ತಂತಿ ಕತ್ತರಿಸಿದರು. ಸಮಾರಂಭ ಕೆಲವೇ ನಿಮಿಷಗಳಲ್ಲಿ ಮುಗಿದುಹೋಯಿತು. ಮರುವರ್ಷ ಕಾರ್ಮಾರ್ಥೆನ್ ಉಪಚುನಾವಣೆಯಲ್ಲಿ ಗ್ವಿನ್‌ವೊರ್ ಎವನ್ಸ್ ಗೆದ್ದು ವೆಲ್ಷ್ ರಾಷ್ಟ್ರೀಯ ಪಕ್ಷದ ಮೊದಲ ಸಂಸದರಾದರು. 1967ರಲ್ಲಿ ಮೊದಲ ವೆಲ್ಷ್ ಭಾಷಾ ಕಾಯ್ದೆ ಬಂತು. 1982ರಲ್ಲಿ ಅವರ ಭಾಷೆಯ ದೂರದರ್ಶನ ವಾಹಿನಿ. 1997ರ ಜನಮತಗಣನೆಯಲ್ಲಿ ಶೇ 50.3ರ ಕೂದಲೆಳೆಯ ಬಹುಮತದಿಂದ ಸ್ವಂತ ಶಾಸನಸಭೆಗೆ ಒಪ್ಪಿಗೆ ದೊರೆತು, 1999ರಲ್ಲಿ ಅದು ಅಸ್ತಿತ್ವಕ್ಕೆ ಬಂತು. ಇವೆಲ್ಲಕ್ಕೂ ಒಂದು ಜಲಾಶಯವೇ ಕಾರಣವೆಂದರೆ ಉತ್ಪ್ರೇಕ್ಷೆಯಾದೀತು. ಆದರೆ ತಮ್ಮ ಎಲ್ಲ ಪ್ರತಿನಿಧಿಗಳು ಸೇರಿದರೂ ಒಂದು ಹಳ್ಳಿಯನ್ನು ಉಳಿಸಿಕೊಳ್ಳಲಾಗದು ಎಂಬ ಪಾಠವನ್ನು ಆ ಜನ ಕಲಿತದ್ದು ಟ್ರವೆರಿನ್‌ನಲ್ಲಿ.

ಕರಾವಳಿಯ ಅಬೆರಿಸ್ಟ್‌ವಿತ್ ಪಟ್ಟಣಕ್ಕೆ ಸಮೀಪದ ಒಂದು ಪಾಳುಗೋಡೆಯ ಮೇಲೆ 1960ರ ದಶಕದ ಆರಂಭದಲ್ಲಿ ಮೀಕ್ ಸ್ಟೀಫನ್ಸ್ ಎಂಬ ತರುಣ ‘ಟ್ರವೆರಿನ್ ಅನ್ನು ನೆನೆಯಿರಿ’ ಎಂದು ವೆಲ್ಷ್‌ನಲ್ಲಿ ಬರೆದರು. ಮುಂದೆ ಅವರು ಹೆಸರಾಂತ ಸಾಹಿತಿಯಾದರು. 2019ರಲ್ಲಿ ಯಾರೋ ಆ ಬರಹವನ್ನು ಕೆಡಿಸಿದಾಗ ಜನ ಅದನ್ನು ಮತ್ತೆ ಬರೆದದ್ದು ಮಾತ್ರವಲ್ಲ, ನಾಡಿನುದ್ದಕ್ಕೂ ಗೋಡೆಗಳ ಮೇಲೆ ಅದೇ ಎರಡು ಪದಗಳು ಮೂಡಿದವು. ಮೊದಲ ಬರಹದಲ್ಲಿ ವ್ಯಾಕರಣದ ತಪ್ಪಿತ್ತೆಂದು ಮನೆಯೊಡತಿ ನಗುತ್ತ ಹೇಳಿದರು. ಆ ಕ್ರಿಯಾಪದದ ಮುಂದೆ ‘ಟ’ ಹೋಗಿ ‘ಡ’ ಬರಬೇಕಿತ್ತಂತೆ. ನಮ್ಮ ಆದೇಶಸಂಧಿಯೇ.

2005ರಲ್ಲಿ, ಅಂದರೆ 40 ವರ್ಷಗಳ ನಂತರ, ಲಿವರ್‌ಪೂಲ್ ನಗರಸಭೆ ತನ್ನ ಹಿಂದಿನವರು ತೋರಿದ ಸಂವೇದನಾಹೀನತೆಗಾಗಿ ಕ್ಷಮೆ ಯಾಚಿಸಿತು. ತಡವಾಯಿತೆಂದು ಅನೇಕರು ಹೇಳಿದರು. ನಿಜ. ಆದರೂ ಒಂದು ಆಡಳಿತ ಸಂಸ್ಥೆ, ತನ್ನ ಕಾನೂನುಬದ್ಧ ಕ್ರಮಕ್ಕಾಗಿಯೇ ಕ್ಷಮೆ ಕೇಳಿದ್ದು ನನಗೆ ಮಹತ್ವದ್ದೆನಿಸುತ್ತದೆ. ನಮ್ಮಲ್ಲಿ ಪರಿಹಾರದ ಮೊತ್ತ ಹೆಚ್ಚಿಸಿದ ಆದೇಶಗಳು ಎಷ್ಟೋ ಇವೆ. ‘ನಿಮ್ಮನ್ನು ಕೇಳಬೇಕಿತ್ತು’ ಎಂದು ಹೇಳಿದ ಒಂದು ಆದೇಶವನ್ನು ನನ್ನ ಸೇವಾವಧಿಯಲ್ಲಿ ನಾನು ಕಾಣಲಿಲ್ಲ.

1894ರ ಕಾಯ್ದೆಯ ಜಾಗದಲ್ಲಿ ಬಂದ 2013ರ ಭೂಸ್ವಾಧೀನ ಕಾಯ್ದೆ ಹಿಂದಿನದಕ್ಕಿಂತ ಎಷ್ಟೋ ಮೇಲು ಎಂಬುದರಲ್ಲಿ ಅನುಮಾನವಿಲ್ಲ. ಪರಿಹಾರ ಹೆಚ್ಚಿದೆ, ಪುನರ್ವಸತಿ ಹಕ್ಕಾಗಿದೆ. ಖಾಸಗಿ ಕಂಪನಿಗಳಿಗಾದರೆ ಶೇ 80, ಸರ್ಕಾರಿ ಖಾಸಗಿ ಸಹಭಾಗಿತ್ವವಾದರೆ ಶೇ 70ರಷ್ಟು ಕುಟುಂಬಗಳ ಪೂರ್ವಸಮ್ಮತಿ ಬೇಕು. ಆದರೆ ಸರ್ಕಾರವೇ ತನ್ನ ಯೋಜನೆಗೆ ಭೂಮಿ ಪಡೆಯುವಾಗ ಸಮ್ಮತಿಯ ಅಗತ್ಯವಿಲ್ಲ. ಪರಿಸರ ಪರಿಣಾಮದ ಅಧ್ಯಯನ ಕಡ್ಡಾಯವಾಗಿರುವ ನೀರಾವರಿ ಯೋಜನೆಗಳಿಗೆ ಸಾಮಾಜಿಕ ಪರಿಣಾಮದ ಅಧ್ಯಯನದಿಂದಲೂ ವಿನಾಯಿತಿಯಿದೆ. ಅಂದರೆ, ಅತಿ ಹೆಚ್ಚು ಊರುಗಳನ್ನು ಮುಳುಗಿಸುವ ಯೋಜನೆಗಳಲ್ಲಿಯೇ ಊರಿನವರನ್ನು ಕೇಳುವ ಹೊಣೆ ಅತಿ ಕಡಿಮೆ. ಅಣೆಕಟ್ಟೆಗಳ ಎತ್ತರದ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ನಮ್ಮ ಶಾಸನಸಭೆಗಳು ಈ ವಿನಾಯಿತಿಗೆ ಒಂದು ದಿನವನ್ನಾದರೂ ಮೀಸಲಿಡಬೇಕು.

ಹೊರಡುವ ಬೆಳಿಗ್ಗೆ ಲೆಕ್ಕ ಚುಕ್ತಾ ಮಾಡಿದ ಮೇಲೆ ಮನೆಯೊಡತಿಗೆ ನನ್ನ ಹಿಂದಿನ ಕೆಲಸವೇನೆಂಬುದನ್ನು ಹೇಳಿದೆ. ಬಂದ ದಿನ ಕೇಳಿದಾಗ ‘ಸರ್ಕಾರಿ ನೌಕರಿ’ ಎಂದಷ್ಟೇ ಹೇಳಿದ್ದೆ. ಮುದುಕನ ಅಗಸಿಯ ಮಾತನ್ನೂ ಹೇಳಿದೆ. ಅವರು ಬಯ್ಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ‘ಆ ಊರಿನ ಹೆಸರೇನು?’ ಎಂದು ಕೇಳಿದರು.

ನನಗೆ ಹೇಳಲಾಗಲಿಲ್ಲ. ಹನ್ನೊಂದು ಹಳ್ಳಿಗಳ ಒಟ್ಟು ವಿಸ್ತೀರ್ಣ ನೆನಪಿತ್ತು, ಐತೀರ್ಪಿನ ಒಟ್ಟು ಮೊತ್ತ ನೆನಪಿತ್ತು, ಬೇಸಿಗೆಯ ಆ ಶಾಮಿಯಾನದ ಬಣ್ಣವೂ ನೆನಪಿತ್ತು. ಮುದುಕ ಅವುಗಳಲ್ಲಿ ಯಾವ ಊರಿನವನೆಂಬುದು ಮಾತ್ರ ತಿಳಿಯಲಿಲ್ಲ. ಆರು ದಶಕಗಳ ಹಿಂದೆ ಮುಳುಗಿದ, 67 ಜನರ ಕಣಿವೆಯ ಹೆಸರನ್ನು ಆ ನಾಡಿನ ಗೋಡೆಗೋಡೆಗಳು ಹೇಳುತ್ತವೆ. ನನ್ನ ಕೈಯಿಂದಲೇ ಮುಳುಗಿದ ಊರಿನ ಹೆಸರು ನನ್ನ ನಾಲಿಗೆಯ ಮೇಲೆ ಇರಲಿಲ್ಲ. ಕಿಟಕಿಯಾಚೆ ಹೊಳೆ ಮತ್ತೆ ಇಳಿದು ಕಲ್ಲುಗಳು ಕಾಣುತ್ತಿದ್ದವು. ಅಂದು ನೀರು ಬಿಟ್ಟಿರಲಿಲ್ಲ.

ಬೆಂಗಳೂರಿಗೆ ಮರಳಿದ ಮೇಲೆ, ಈಗ ತನ್ನ ಊರಿನಲ್ಲಿ ಮೊಮ್ಮಕ್ಕಳೊಂದಿಗಿರುವ ನನ್ನ ಅಂದಿನ ಗುಮಾಸ್ತನನ್ನು ದೂರವಾಣಿಯಲ್ಲಿ ಹುಡುಕಿ ಮಾತಾಡಿಸಿದೆ. ಅವನಿಗೆ ನೆನಪಿತ್ತು. ಊರಿನ ಹೆಸರು ಹೇಳಿದ. ಮುದುಕನ ಹೆಸರನ್ನೂ ಹೇಳಿದ. ಮುದುಕ ತೀರಿಕೊಂಡು ಬಹಳ ವರ್ಷಗಳಾದುವಂತೆ. ಮಗ ಪುನರ್ವಸತಿ ಕೇಂದ್ರದಲ್ಲಿದ್ದಾನಂತೆ. ಆ ಕೇಂದ್ರಕ್ಕೆ ಅಗಸಿ ಇದೆಯೇ ಎಂದು ಕೇಳಿದೆ. ಇಲ್ಲ ಎಂದ. ಬರುವ ಬೇಸಿಗೆಯಲ್ಲಿ ಅಲ್ಲಿಗೆ ಹೋಗಬೇಕೆಂದಿದ್ದೇನೆ. ಕೊಡುವುದಕ್ಕೆ ಈಗ ನನ್ನ ಕೈಯಲ್ಲಿ ಯಾವ ಅಧಿಕಾರವೂ ಇಲ್ಲ. ಕೇಳುವುದಕ್ಕೆ ಅಧಿಕಾರ ಬೇಕಿಲ್ಲ.